ಇಪ್ಪತ್ತು ಡಿಗ್ರಿ ಯಾರ ಮನೆ ನೀರು?

ಮನೆಯಲ್ಲೇ ಕಪ್ಪು-ಬಿಳುಪು ಫಿಲಂ ತೊಳೆಯೋಕೆ ಏನೇನು ಸಾಮಾನು ತಗೋಬೇಕು ಅಂತ ಈಚೆಗೆ ಬಹಳ ಜನ ಕೇಳ್ತಾರೆ. ಕೇಳೋರಲ್ಲಿ ಹೆಚ್ಚಿನವರು ಅಪ್ಪನದೋ ಚಿಕ್ಕಪ್ಪನದೋ ಹಳೇ ಕ್ಯಾಮೆರಾ ಅಟ್ಟದಿಂದ ಇಳಿಸಿದವರು. ಕೇಳೋ ಹೊತ್ತಿಗಾಗಲೇ ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತೆ. ಇಪ್ಪತ್ತು ಇಪ್ಪತ್ತೆರಡು ಸಾಮಾನಿನ ಪಟ್ಟಿ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಕೂತವರು ಬರೆದದ್ದು. ಒಳ್ಳೆಯವರೇ, ಸುಳ್ಳೇನೂ ಬರೆದಿಲ್ಲ. ಆದರೆ ಅವರ ನಲ್ಲಿಯಲ್ಲಿ ಬರೋ ನೀರು ಬೇರೆ, ಬಿಟಿಎಂ ಲೇಔಟಿನ ಮೂರನೇ ಮಹಡಿ ನಲ್ಲಿಯಲ್ಲಿ ಬರೋ ನೀರು ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋರು ಆಡಬಹುದು. ಪಟ್ಟಿ ಪಕ್ಕಕ್ಕಿಡಿ. ಮೊದಲು ಒಂದು ಥರ್ಮಾಮೀಟರ್ ತಂದು ನಿಮ್ಮ ಮನೆ ನಲ್ಲಿ ಕೆಳಗೆ ಹಿಡೀರಿ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ. ನಿಮ್ಮ ಮನೆಗೆ ಕಾವೇರಿ ಬರುತ್ತೋ ಬೋರ್‌ವೆಲ್ಲೋ ಟ್ಯಾಂಕರೋ ಅಂತ ಮನೆ ಮಾಲೀಕರನ್ನ ಕೇಳಿ. ಯಾವ ಟ್ಯಾಂಕು, ಯಾವ ಡೆವಲಪರ್, ಯಾವ ಫಿಕ್ಸರ್ ಅನ್ನೋದಕ್ಕೆಲ್ಲ ಉತ್ತರ ಆ ನೀರಿನಲ್ಲೇ ಇದೆ.

ಇದರ ಗಂಧ ಗಾಳಿ ಇಲ್ಲದವರಿಗೆ ಎರಡು ಮಾತು. ಫಿಲಂ ತೊಳೆಯೋದಕ್ಕೆ ಡಾರ್ಕ್‌ರೂಮ್ ಬೇಕಿಲ್ಲ. ಸಿನಿಮಾದಲ್ಲಿ ಕೆಂಪು ದೀಪದ ಕೆಳಗೆ ತಟ್ಟೆಯಲ್ಲಿ ಕಾಗದ ಅಲ್ಲಾಡಿಸಿದಾಗ ಕೊಲೆಗಾರನ ಮುಖ ಮೂಡಿಬರುತ್ತಲ್ಲ, ಅದು ಪ್ರಿಂಟ್ ಹಾಕೋ ಕೆಲಸ. ಫಿಲಂ ತೊಳೆಯೋದು ಬೇರೆ. ರೀಲನ್ನ ಕ್ಯಾಮೆರಾದಿಂದ ತೆಗೆದು ಸುರುಳಿಗೆ ಸುತ್ತಿ ಟ್ಯಾಂಕಿನೊಳಗೆ ಹಾಕಿ ಮುಚ್ಚೋವರೆಗೆ, ಅಂದರೆ ಐದು ಹತ್ತು ನಿಮಿಷ, ಪೂರ್ತಿ ಕತ್ತಲು ಬೇಕು. ಮುಚ್ಚಿದ ಮೇಲೆ ಅಡುಗೆಮನೆ ಸಿಂಕಿನ ಮುಂದೆ, ಬೆಳಕಿನಲ್ಲೇ, ರೇಡಿಯೋ ಕೇಳ್ತಾ ಮಾಡಬಹುದು. ಡೆವಲಪರ್ ಹಾಕು, ಅಲ್ಲಾಡಿಸು, ಚೆಲ್ಲು. ನೀರು ಹಾಕು, ಚೆಲ್ಲು. ಫಿಕ್ಸರ್ ಹಾಕು, ತೆಗೆದಿಡು. ತೊಳಿ, ಒಣಹಾಕು. ಅಷ್ಟೇ. ಟ್ಯಾಂಕು ಅಂದರೆ ಇಲ್ಲಿ ಮಹಡಿ ಮೇಲಿನ ಸಿಂಟೆಕ್ಸ್ ಅಲ್ಲ, ಮುಚ್ಚಳ ಇರೋ ಒಂದು ಕಪ್ಪು ಡಬ್ಬಿ. (ಆದರೆ ಮಹಡಿ ಮೇಲಿನ ಆ ಸಿಂಟೆಕ್ಸೇ ಈ ಕಥೆಯ ಖಳನಾಯಕ, ಬರ್ತೀನಿ ಅಲ್ಲಿಗೆ.)

ಎಲ್ಲಾ ಪುಸ್ತಕಗಳೂ ಎಲ್ಲಾ ಡಬ್ಬಿಗಳೂ ಹೇಳೋದು 20 ಡಿಗ್ರಿ ಸೆಲ್ಸಿಯಸ್. ಡೆವಲಪರ್ 20 ಡಿಗ್ರಿ ಇರಬೇಕು, ಇಷ್ಟು ನಿಮಿಷ ಇಡಬೇಕು. ತಂಪು ದೇಶದ ನಲ್ಲಿ ನೀರಿಗೆ ಹತ್ತಿರ ಇರೋ ಲೆಕ್ಕ ಅದು. ನಮ್ಮ ಬನಶಂಕರಿ ಮನೆಯಲ್ಲಿ ನಾನು ಅಳೆದ ಹಾಗೆ ಆ 20 ಸಿಗೋದು ಡಿಸೆಂಬರ್-ಜನವರಿಯ ಬೆಳಗಿನ ಜಾವದಲ್ಲಿ ಮಾತ್ರ. ಮಿಕ್ಕ ಕಾಲದಲ್ಲಿ 24-25. ಏಪ್ರಿಲ್ ಮಧ್ಯಾಹ್ನ ಮಹಡಿ ಮೇಲಿನ ಕಪ್ಪು ಟ್ಯಾಂಕಿಂದ ಇಳಿಯೋ ನೀರು 32 ದಾಟುತ್ತೆ, ಗೀಸರ್ ಹಾಕದೇ ಸ್ನಾನ ಮುಗಿಯುತ್ತೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು ನೆನಪಿದೆಯಾ? ಅಂಥ ದಿನ ಯಾವ ಡಬ್ಬಿಯ ಲೆಕ್ಕ ತಗೊಂಡು ಏನು ಮಾಡ್ತೀರಿ?

ಇಲ್ಲಿ ಎರಡು ಪಂಥ. ಒಂದು ಪಂಥದವರು ನೀರನ್ನ 20ಕ್ಕೆ ಇಳಿಸೋಕೆ ಸಾಮಾನು ಕೊಳ್ತಾರೆ. ಐಸ್ ಪೆಟ್ಟಿಗೆ, ಪಂಪು, ಕಂಟ್ರೋಲರ್, ತಾನೇ ತಿರುಗೋ ಯಂತ್ರ. ನನ್ನ ಗೆಳೆಯನೊಬ್ಬನ ಬಾಲ್ಕನಿಯಲ್ಲಿ ಇದೆಲ್ಲಾ ಇದೆ, ಜೆ.ಪಿ. ನಗರದಲ್ಲೊಂದು ಸಣ್ಣ ಕಾರ್ಖಾನೆ. ಕಳೆದ ವರ್ಷ ಅವನು ತೊಳೆದ ರೀಲು ಮೂರು. ಎರಡನೇ ಪಂಥದವರು ನೀರಿದ್ದ ಹಾಗೇ ಇರಲಿ ಅಂತ ಬಿಟ್ಟು ಸಮಯ ಕಮ್ಮಿ ಮಾಡ್ತಾರೆ. ನಾನು ಈ ಎರಡನೇ ಪಂಥ. ಸೋಮಾರಿತನ ಅನ್ನಿ ಬೇಕಾದ್ರೆ, ನನಗಂತೂ ಇದರಲ್ಲೇ ಹೆಚ್ಚು ಬುದ್ಧಿವಂತಿಕೆ ಕಾಣುತ್ತೆ.

ಲೆಕ್ಕ ಕಷ್ಟದ್ದಲ್ಲ. ಒಂದೊಂದು ಡಿಗ್ರಿ ಏರಿದಾಗಲೂ ಸಮಯ ಸುಮಾರು ಹತ್ತನೇ ಒಂದು ಭಾಗ ಇಳಿಯುತ್ತೆ. ಇಲ್‌ಫೋರ್ಡ್ ಕಂಪನಿಯವರು ಇದಕ್ಕೆ ಚಾರ್ಟನ್ನೇ ಕೊಟ್ಟಿದ್ದಾರೆ, ಪ್ರಿಂಟ್ ಹಾಕಿಸಿ ಸಿಂಕಿನ ಮೇಲೆ ಅಂಟಿಸಿಕೊಳ್ಳಿ. ಎಚ್‌ಪಿ5 ಪ್ಲಸ್ ಫಿಲಂ, ಐಡಿ-11 ಡೆವಲಪರ್ ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. 24ರಲ್ಲಿ ಐದು ನಿಮಿಷದ ಸ್ವಲ್ಪ ಮೇಲೆ. 27ಕ್ಕೆ ಹೋದರೆ ನಾಲ್ಕಕ್ಕಿಳಿಯುತ್ತೆ, ತೊಂದರೆ ಶುರುವಾಗೋದು ಅಲ್ಲಿ. ಐದು ನಿಮಿಷಕ್ಕಿಂತ ಕಮ್ಮಿ ಆದರೆ ಸುರಿಯೋಕೆ ಚೆಲ್ಲೋಕೆ ಹಿಡಿಯೋ ಅರ್ಧ ನಿಮಿಷವೇ ದೊಡ್ಡ ಪಾಲಾಗಿ ಫಿಲಂ ಮೇಲೆ ಗೆರೆಗೆರೆ ಮೋಡ ಮೋಡ ಬರಬಹುದು. ಅದಕ್ಕೇ ನಾನು ಹೇಳೋದು: ಅದೇ ಡೆವಲಪರ್‌ಗೆ ಸಮಸಮ ನೀರು ಬೆರೆಸಿ. ಆಗ 20ರಲ್ಲಿ 13 ನಿಮಿಷ, 24ರಲ್ಲಿ 9 ನಿಮಿಷದ ಆಸುಪಾಸು, 27ರಲ್ಲೂ ಆರೂವರೆ-ಏಳು. ಕೈಗೆ ಬಿಡುವು ಸಿಗುತ್ತೆ, ಡೆವಲಪರ್ರೂ ಅರ್ಧ ಉಳಿಯುತ್ತೆ. ಒಂದು ಲೋಟ ನೀರು ಮಾಡೋ ಕೆಲಸಕ್ಕೆ ಬಾಲ್ಕನಿಯಲ್ಲಿ ಕಾರ್ಖಾನೆ ಯಾಕೆ?

ಹಳಬರೂ ಇದನ್ನ ಅನುಭವಿಸಿದವರೇ. ಬಿಸಿಲ ದೇಶಗಳಿಗೆ ಅಂತಲೇ ಕೊಡಾಕ್‌ನವರು ಡಿಕೆ-15 ಅನ್ನೋ ಡೆವಲಪರ್ ಸೂತ್ರ ಕೊಟ್ಟಿದ್ದರು. ಆ ಕಾಲದ ಫಿಲಂನ ಜೆಲಟಿನ್ ಪದರ ಬಿಸಿ ನೀರಿಗೆ ಉಬ್ಬಿ ಮೆತ್ತಗಾಗೋದು, ಉಬ್ಬದ ಹಾಗೆ ಅದರಲ್ಲಿ ಸೋಡಿಯಂ ಸಲ್ಫೇಟ್ ಸೇರಿಸ್ತಿದ್ದರು. ಈಗಿನ ಫಿಲಂಗಳ ಪದರ ಕಾರ್ಖಾನೆಯಲ್ಲೇ ಗಟ್ಟಿಮಾಡಿ ಬರುತ್ತೆ, ಆ ಭಯ ಇಲ್ಲ. ಅಂದಹಾಗೆ ನಮ್ಮೂರಿಗೆ ಫಿಲಂ ಹೊಸದಲ್ಲ. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣ ಕಲಿಸ್ತಿದ್ದರು. 'ಕಾಗಜ್ ಕೆ ಫೂಲ್'ನ ಬೆಳಕು ನೆರಳು ಮಾಡಿದ ನಮ್ಮ ವಿ.ಕೆ. ಮೂರ್ತಿ ಓದಿದ್ದು ಅಲ್ಲೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರು 2014ರಲ್ಲಿ ತೀರಿಕೊಂಡದ್ದು ಇಲ್ಲೇ, ಬಸವನಗುಡಿ ಪಕ್ಕದ ಶಂಕರಪುರದಲ್ಲಿ.

ಇರಲಿ, ಸಾಮಾನಿಗೆ ಬರೋಣ.

ದುಡ್ಡು ಖರ್ಚು ಮಾಡಬೇಕಾದ್ದು ಟ್ಯಾಂಕಿಗೆ. ಎರಡು ಜಾತಿ: ಸ್ಟೀಲು, ಪ್ಲಾಸ್ಟಿಕ್ಕು. ಸ್ಟೀಲಿಗೆ ಭಕ್ತರು ಜಾಸ್ತಿ. ನೂರು ವರ್ಷ ಬರುತ್ತೆ, ಸುರುಳಿ ಒದ್ದೆ ಇದ್ದರೂ ಫಿಲಂ ಸುತ್ತಬಹುದು, ನೋಡೋಕೂ ಚೆಂದ. ನಿಜ. ಆದರೆ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದವರಿಗೆ ಗೊತ್ತು, ಬಿಸಿ ಎಷ್ಟು ಬೇಗ ಹೊರಗೆ ಬರುತ್ತೆ ಅಂತ. ಒಳಗೂ ಅಷ್ಟೇ ಬೇಗ ಹೋಗುತ್ತೆ. ಮೂವತ್ತು ಡಿಗ್ರಿ ಅಡುಗೆಮನೆಯಲ್ಲಿ 23 ಡಿಗ್ರಿ ಡೆವಲಪರ್ ಹಾಕಿಕೊಂಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಅಂಗೈ ಬಿಸಿಯೂ ಸೇರಿ ಹತ್ತು ನಿಮಿಷದಲ್ಲಿ ಅದು 23 ಆಗಿ ಉಳಿದಿರಲ್ಲ. ಪ್ಲಾಸ್ಟಿಕ್ ಟ್ಯಾಂಕು ಈ ವಿಷಯದಲ್ಲಿ ನಿಧಾನ, ನಮಗೆ ಬೇಕಾದ್ದೂ ನಿಧಾನವೇ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸ್ಟೀಲ್ ಸುರುಳಿಯ ಅಗಲ ಒಂದೇ. 35 ಎಂಎಂಗೆ ಒಂದು ಸುರುಳಿ ಬೇಕು, 120 ಫಿಲಂಗೆ ಬೇರೆಯದೇ ಬೇಕು. ಪ್ಯಾಟರ್ಸನ್ ತರಹದ ಪ್ಲಾಸ್ಟಿಕ್ ಸುರುಳಿಯನ್ನ ತಿರುಗಿಸಿ ಅಗಲಿಸಿದರೆ ಎರಡಕ್ಕೂ ಆಗುತ್ತೆ. ನಮ್ಮ ಮನೆಗಳ ಅಟ್ಟದಲ್ಲಿ ಸಿಗೋ ಕ್ಯಾಮೆರಾ ಯಾವುದು ಹೇಳಿ? ಎಷ್ಟೋ ಸಲ ಆಗ್ಫಾ ಕ್ಲಿಕ್ 3. ಅದಕ್ಕೆ ಹಾಕೋದು 120. ಒಂದು ರೀಲಿಗೆ ಹನ್ನೆರಡು ಚೌಕ ಫೋಟೋ. ಇವತ್ತು 35 ಎಂಎಂ ಸಾಕು ಅಂತ ಸ್ಟೀಲ್ ತಗೊಂಡವರ ಮನೆಗೆ ನಾಳೆ ಅತ್ತೆ ಮಾವನ ಮನೆಯಿಂದ ಕ್ಲಿಕ್ 3 ಬರುತ್ತೆ, ಇದು ನಾನು ಕಣ್ಣಾರೆ ನೋಡಿದ್ದು.

ಪ್ಲಾಸ್ಟಿಕ್ ಸುರುಳಿಯಲ್ಲಿ ದೋಷ ಇಲ್ಲವಾ? ಇದೆ. ಒಂದು ಹನಿ ಪಸೆ ಇದ್ದರೂ ಫಿಲಂ ಅರ್ಧದಲ್ಲಿ ಕಚ್ಚಿಕೊಂಡು ಮುಂದೆ ಹೋಗಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬಟ್ಟೆಯೇ ಒಣಗಲ್ಲ, ಸುರುಳಿ ಒಣಗುತ್ತಾ? ಅದಕ್ಕೆ ಅಕ್ಕಿ ಡಬ್ಬಿ ಗಿಬ್ಬಿ ಅಂತ ಉಪಾಯ ಬೇಡ, ಸುರುಳಿ ಎರಡು ಇಟ್ಟುಕೊಂಡರೆ ಒಂದು ಒಣಗಿರುತ್ತೆ. ಮುಚ್ಚಳದ ಅಂಚಿನಿಂದ ಅಷ್ಟಿಷ್ಟು ಸೋರೋದೂ ಉಂಟು, ಕೆಳಗೆ ಹಳೇ ಬೇಸನ್ ಇಟ್ಟುಕೊಳ್ಳಿ. ಒಂದು ಸುರುಳಿ ಹಿಡಿಸೋ ಸಣ್ಣ ಟ್ಯಾಂಕಿಗಿಂತ ಎರಡು ಸುರುಳಿಯದು ತಗೊಳ್ಳಿ. 35 ಎಂಎಂ ರೀಲು ಒಂದಕ್ಕೆ 290 ಎಂಎಲ್ ಸಾಕು, 120ಕ್ಕೆ 500 ಎಂಎಲ್ ಬೇಕು, ಸಣ್ಣದರಲ್ಲಿ ಅದು ಹಿಡಿಸಲ್ಲ. ಈ ಅಂಕಿ ಟ್ಯಾಂಕಿನ ತಳದಲ್ಲೇ ಅಚ್ಚಾಗಿರುತ್ತೆ.

ಕತ್ತಲಿನ ವಿಷಯ. ಬಾತ್‌ರೂಮಿನಲ್ಲಿ ರಾತ್ರಿ ಮಾಡ್ತೀನಿ, ಚೀಲ ಯಾಕೆ ಅಂತ ಕೇಳೋರಿದ್ದಾರೆ. ಅವರ ಬಾತ್‌ರೂಮಿಗೆ ಹೋಗಿ ದೀಪ ಆರಿಸಿ ಐದು ನಿಮಿಷ ನಿಂತು ನೋಡಲಿ. ಮೊದಲು ಏನೂ ಕಾಣಲ್ಲ. ಆಮೇಲೆ ಗಾಜಿನ ವೆಂಟಿಲೇಟರ್‌ನಿಂದ ಬೀದಿದೀಪ, ಬಾಗಿಲ ಕೆಳಗಿನಿಂದ ಇನ್ವರ್ಟರ್‌ನ ಹಸಿರು ಚುಕ್ಕಿ, ತಲೆ ಮೇಲೆ ಗೀಸರ್‌ನ ಕೆಂಪು ದೀಪ ಒಂದೊಂದೇ ಪ್ರತ್ಯಕ್ಷ ಆಗ್ತವೆ. ಕೆಂಪು ದೀಪ ಪ್ರಿಂಟ್ ಕಾಗದಕ್ಕೆ ಪರವಾಗಿಲ್ಲ, ಫಿಲಂಗೆ ಅದೂ ಬೆಳಕೇ. ಹಿಂದೆಲ್ಲ ಲೋಡ್ ಶೆಡ್ಡಿಂಗ್ ಇತ್ತು, ಇಡೀ ಬಡಾವಣೆಯೇ ಡಾರ್ಕ್‌ರೂಮ್ ಆಗೋದು :-) ಈಗ ಎಲ್ಲ ಮನೆಗೂ ಯುಪಿಎಸ್ಸು.

ಹಾಗಾಗಿ ಕೈ ತೂರಿಸೋ ಕಪ್ಪು ಚೀಲ ಬೇಕೇ ಬೇಕು. ಕೊಳ್ಳಲೇಬೇಕು ಅಂತಿಲ್ಲ. ನಮ್ಮ ಬೀದಿಯ ಟೈಲರ್ ಹತ್ತಿರ ನಾನು ಹೊಲಿಸಿದ್ದೇ ಇವತ್ತಿಗೂ ನಡೀತಿದೆ. ದಟ್ಟ ನೇಯ್ಗೆಯ ಕಪ್ಪು ಬಟ್ಟೆ, ಒಳಗೊಂದು ಚೀಲ ಹೊರಗೊಂದು ಚೀಲ, ಎರಡಕ್ಕೂ ಬೇರೆ ಬೇರೆ ಜಿಪ್ಪು, ತೋಳಿಗೆ ಎರಡೆರಡು ಸಾಲು ಎಲಾಸ್ಟಿಕ್. "ಇದೇನ್ ಸಾರ್, ನಾಯಿಗೆ ಸ್ವೆಟ್ರಾ?" ಅಂತ ಕೇಳಿದ್ದರು ಅವರು. ಅಳತೆ ಮಾತ್ರ ಧಾರಾಳವಾಗಿ ಕೊಡಿ. ಚೀಲ ಚಿಕ್ಕದಾದರೆ ಬಟ್ಟೆ ಕೈಗೆ ಮೆತ್ತಿಕೊಂಡು ಏಪ್ರಿಲ್‌ನಲ್ಲಿ ಎರಡೇ ನಿಮಿಷಕ್ಕೆ ಅಂಗೈ ಬೆವರುತ್ತೆ, ಬೆವರಿದ ಕೈ ಆದರೆ ಸುರುಳಿಯೂ ಪಸೆ, ಅಲ್ಲಿಗೆ ಮುಗೀತು. ಫಿಲಂ ಹಾಕೋ ಮುಂಚೆ ಮಧ್ಯಾಹ್ನದ ಬಿಸಿಲಲ್ಲಿ ಚೀಲದೊಳಗೆ ತಲೆ ತೂರಿಸಿ ನೋಡೋದು ಒಳ್ಳೇ ಪರೀಕ್ಷೆ. ಮನೆಯವರು ಏನಾದರೂ ಅಂದುಕೊಳ್ಳಲಿ.

ಥರ್ಮಾಮೀಟರ್ ಬಗ್ಗೆ ಒಂದೇ ಮಾತು: ಜ್ವರ ನೋಡೋದು ಆಗಲ್ಲ, ಅದು ಶುರುವಾಗೋದೇ 35ರ ಆಸುಪಾಸಿನಿಂದ. ಅಡುಗೆಗೆ ಬಳಸೋ ಕಡ್ಡಿ ತರಹದ ಡಿಜಿಟಲ್ ಸಾಕು. ಅರ್ಧ ಡಿಗ್ರಿ ತಪ್ಪು ತೋರಿಸಿದರೂ ಪ್ರತಿ ಸಲ ಅದೇ ತಪ್ಪು ತೋರಿಸಿದರೆ ನಡೆಯುತ್ತೆ.

ನೀರು ತಂಪು ಮಾಡೋ ಯಂತ್ರ ಬೇಡ ಅಂದೆ, ಆದರೆ 32 ಡಿಗ್ರಿಯಲ್ಲಿ ಮಾಡಿ ಅಂತಲೂ ಹೇಳ್ತಿಲ್ಲ. ಸಂಪಿನ ನೀರು ಬಳಸಿ. ನೆಲದೊಳಗಿರೋದರಿಂದ ನಮ್ಮ ಸಂಪಿನಲ್ಲಿ ಕಡು ಬೇಸಿಗೆಯಲ್ಲೂ 26 ದಾಟಿದ್ದು ನಾನು ನೋಡಿಲ್ಲ. ಒಂದು ಬಕೆಟ್ ಸೇದಿಕೊಂಡು ಡೆವಲಪರ್, ಫಿಕ್ಸರ್, ತೊಳೆಯೋ ನೀರಿನ ಬಾಟಲಿ ಎಲ್ಲವನ್ನೂ ಅದರಲ್ಲಿ ಒಂದು ಗಂಟೆ ಮುಳುಗಿಸಿಟ್ಟರೆ ಎಲ್ಲವೂ ಒಂದೇ ಶಾಖಕ್ಕೆ ಬರ್ತವೆ. ಫಿಲಂಗೆ ಮುಖ್ಯ ಅದು, ಒಂದರಿಂದ ಒಂದಕ್ಕೆ ಐದಾರು ಡಿಗ್ರಿ ಜಿಗಿತ ಇರಬಾರದು. ಇನ್ನೂ ತಂಪು ಬೇಕೆಂದರೆ ಮಣ್ಣಿನ ಮಡಕೆ. ತಮಾಷೆ ಅಲ್ಲ. ಹವೆ ಒಣಗಿದ್ದಷ್ಟೂ ಮಡಕೆ ಹೆಚ್ಚು ತಣ್ಣಗಾಗುತ್ತೆ, ಬೆಂಗಳೂರಿನ ಹವೆ ಒಣಗಿರೋದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಅಂದರೆ ನಮಗೆ ತಂಪು ಬೇಕಾದ ಹೊತ್ತಿಗೇ. ನಮ್ಮ ಮನೆ ಮಡಕೆ ಮಾರ್ಚಿ ತಿಂಗಳ ಬೆಳಿಗ್ಗೆ 22 ತೋರಿಸುತ್ತೆ. ಗೆಳೆಯನ ಪಂಪು ಕೂಡ ಅಷ್ಟನ್ನೇ ತೋರಿಸೋದು.

ಇನ್ನು ಗಡಸು ನೀರು. ಕಾವೇರಿ ನೀರು ಬರೋ ಜಯನಗರದ ಹಳೇ ಬ್ಲಾಕ್‌ಗಳವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಬೋರ್‌ವೆಲ್ಲು ಟ್ಯಾಂಕರ್ ನಂಬಿದ ಜೆ.ಪಿ. ನಗರದ ಆಚೆ ಹಂತಗಳವರು, ಬಿಟಿಎಂನವರು, ನಿಮ್ಮ ನಲ್ಲಿ ಮೂತಿಯಲ್ಲಿ ಬಿಳಿ ಹೆಪ್ಪು ಕಟ್ಟಿದೆಯಾ ನೋಡಿ. ಅದೇ ಸುಣ್ಣ ನಿಮ್ಮ ನೆಗೆಟಿವ್ ಮೇಲೂ ಒಣಗಿ ಚುಕ್ಕೆ ಆಗುತ್ತೆ, ಆಮೇಲೆ ಒರೆಸೋಕೆ ಹೋದರೆ ಗೀರು ಬೀಳುತ್ತೆ. ಡೆವಲಪರ್ ಕಲಸೋಕೆ ಮತ್ತು ಕೊನೇ ಸಲ ಅದ್ದೋಕೆ ಡಿಸ್ಟಿಲ್ಡ್ ವಾಟರ್ ಇರಲಿ. ಇನ್ವರ್ಟರ್ ಬ್ಯಾಟರಿಗೆ ಹಾಕೋ ನೀರು ಅಂತ ಕೇಳಿದರೆ ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನೇ ಸಿಗುತ್ತೆ. ಅದಕ್ಕೆ ಫೋಟೋ-ಫ್ಲೋ ತರಹದ ದ್ರವ ಒಂದೆರಡು ಹನಿ ಹಾಕಿದರೆ ನೀರು ಹನಿಗಟ್ಟದೆ ಇಳಿದುಹೋಗುತ್ತೆ. ಮಿಕ್ಕ ಎಲ್ಲಾ ಕೆಲಸಕ್ಕೂ ನಲ್ಲಿ ನೀರೇ ಸಾಕು.

ಈಗ ನನಗೆ ನಿಜವಾಗಿ ಜಗಳ ಇರೋ ಜಾಗ. ಎಷ್ಟು ನೀರು?

2024ರ ಮಾರ್ಚಿ ಇನ್ನೂ ಯಾರೂ ಮರೆತಿಲ್ಲ ಅಂದುಕೊಂಡಿದ್ದೀನಿ. ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರ್‌ಗೆ ಕಾದು ಕಾದು, ಕುಡಿಯೋ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಪಂಪ್ ಆಗಿ ಬರೋ ನೀರು ಇದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು, ಸರಿ, ಆದರೂ ಹಳೇ ಪುಸ್ತಕಗಳಲ್ಲಿ ಬರೆದ ಹಾಗೆ ಫಿಲಂ ಮೇಲೆ ನಲ್ಲಿ ಬಿಟ್ಟುಕೊಂಡು ಇಪ್ಪತ್ತು ಮೂವತ್ತು ನಿಮಿಷ ತೊಳೆಯೋದು ನಮ್ಮೂರಲ್ಲಿ ಮಾಡಬಾರದ ಕೆಲಸ. ಒಂದು ರೀಲಿಗೆ ಬಕೆಟ್ಟುಗಟ್ಟಲೆ ನೀರು ಚರಂಡಿಗೆ. ಹವ್ಯಾಸ ನಮ್ಮದು, ನೀರು ಇಡೀ ಕಟ್ಟಡದ್ದು.

ಹಾಗೆ ಮಾಡಬೇಕಾಗಿಯೂ ಇಲ್ಲ. ಇಲ್‌ಫೋರ್ಡ್‌ನವರೇ ಹೇಳಿರೋ ವಿಧಾನ: ಟ್ಯಾಂಕಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ, ಚೆಲ್ಲಿ. ಮತ್ತೆ ತುಂಬಿ ಇಪ್ಪತ್ತು ಸಲ, ಚೆಲ್ಲಿ. ಮುಗೀತು. 35 ಎಂಎಂ ರೀಲಿಗೆ ಒಂದು ಲೀಟರ್ ಒಳಗೇ. ಎಲ್ಲಾ ಸೇರಿಸಿದರೂ ಎರಡು ಲೀಟರ್ ಸುತ್ತಮುತ್ತ. ಆದರೆ ಇದಕ್ಕೊಂದು ಷರತ್ತು ಇದೆ, ಫಿಕ್ಸರ್ ಆಯ್ಕೆ ನಿಂತಿರೋದೇ ಅದರ ಮೇಲೆ: ಫಿಕ್ಸರ್‌ನಲ್ಲಿ ಗಟ್ಟಿಮಾಡೋ ಪದಾರ್ಥ ಇರಬಾರದು. ಎಕ್ಸ್‌ರೇ ಲ್ಯಾಬಿಗೆ ಬರೋ ಅಗ್ಗದ ಫಿಕ್ಸರ್ ಪುಡಿ ಬಳಸಿ ದುಡ್ಡು ಉಳಿಸಿದೆ ಅಂತ ಹೆಮ್ಮೆ ಪಡೋರಿದ್ದಾರೆ. ಅಂಥದರಲ್ಲಿ ಸಾಮಾನ್ಯವಾಗಿ ಗಟ್ಟಿಮಾಡೋ ಪದಾರ್ಥ ಇರುತ್ತೆ, ಫಿಲಂ ಪದರ ಬಿಗಿದುಕೊಂಡು ಫಿಕ್ಸರನ್ನ ಬೇಗ ಬಿಟ್ಟುಕೊಡಲ್ಲ, ತೊಳೆದಷ್ಟೂ ತೊಳೀತಿರಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಕ್ಲೋರಿನ್ ತೆಗೆಯೋಕೆ ಮಾರೋ ಹರಳು ಕೂಡ ಹೈಪೋನೇ, ಅದೂ ಕೆಲಸ ಮಾಡುತ್ತೆ, ಆದರೆ ನಿಧಾನ. ಹಾಗಾಗಿ ಇಲ್ಲಿ ಮಾತ್ರ ನಾನು ಜುಗ್ಗತನ ಬೇಡ ಅಂತೀನಿ. ಗಟ್ಟಿಮಾಡದ ರ‍್ಯಾಪಿಡ್ ಫಿಕ್ಸರ್ ದ್ರವ ತಗೊಳ್ಳಿ. ಪುಡಿಯಲ್ಲಿ ಉಳಿಸಿದ ದುಡ್ಡನ್ನ ಟ್ಯಾಂಕರ್‌ನವರಿಗೆ ಕೊಡೋದರಲ್ಲಿ ಏನು ಜಾಣತನ?

ಫಿಕ್ಸರ್ ಇನ್ನೂ ಜೀವಂತ ಇದೆಯಾ ಅಂತ ನೋಡೋಕೆ ಯಾವ ಸಾಮಾನೂ ಬೇಡ. ರೀಲಿನ ತುದಿ ಕತ್ತರಿಸಿ ಎಸೀತೀವಲ್ಲ, ಆ ಚೂರನ್ನ ಬೆಳಕಿನಲ್ಲೇ ಫಿಕ್ಸರ್‌ಗೆ ಹಾಕಿ ಎಷ್ಟು ಸೆಕೆಂಡಿಗೆ ಪಾರದರ್ಶಕ ಆಗುತ್ತೆ ನೋಡಿ. ಹೊಸ ಫಿಕ್ಸರ್ ತಗೊಂಡ ಸಮಯದ ಎರಡರಷ್ಟು ಆದರೆ ಅದರ ಕಾಲ ಮುಗಿದ ಹಾಗೆ.

ಕಾಲ ಮುಗಿದದ್ದನ್ನ ಎಲ್ಲಿ ಚೆಲ್ಲೋದು? ಯಾವ ಪಟ್ಟಿಯಲ್ಲೂ ಇಲ್ಲದ ಸಾಮಾನು ನನ್ನ ಪಟ್ಟಿಯಲ್ಲಿ ಇರೋದು ಇದಕ್ಕೇ: ಬಿಗಿ ಮುಚ್ಚಳದ ಒಂದು ಐದು ಲೀಟರ್ ಕ್ಯಾನು. ಬಳಸಿದ ಫಿಕ್ಸರ್‌ನಲ್ಲಿ ಫಿಲಂನಿಂದ ಕರಗಿಬಂದ ಬೆಳ್ಳಿ ಇರುತ್ತೆ. ಬಚ್ಚಲಿಗೆ ಚೆಲ್ಲಿದರೆ ಬನಶಂಕರಿ-ಬಸವನಗುಡಿ ಕಡೆಯ ಕೊಳಚೆ ಇಳಿಯೋದು ವೃಷಭಾವತಿಯ ಕಡೆಗೆ. ಬಸವನ ಪಾದದಲ್ಲಿ ಹುಟ್ಟಿದಳು ಅಂತ ನಾವು ಹೇಳೋ ಹೊಳೆ ಮೈಸೂರು ರಸ್ತೆ ಪಕ್ಕ ಹೇಗೆ ಹರೀತಾಳೆ ಅಂತ ಮೂಗಿದ್ದವರಿಗೆಲ್ಲ ಗೊತ್ತು. ಅಲ್ಲಿಂದ ಬೈರಮಂಗಲ ಕೆರೆ, ಅದರ ನೀರಲ್ಲಿ ಬೇಸಾಯ ಮಾಡೋ ರೈತರು, ಆಮೇಲೆ ಅರ್ಕಾವತಿ, ಕೊನೆಗೆ ಮತ್ತೆ ಕಾವೇರಿ. ಬಿಟಿಎಂ ಕಡೆಯದಾದರೆ ಬೆಳ್ಳಂದೂರು ಕೆರೆಗೆ. ನಮ್ಮ ಎರಡು ಲೋಟ ಫಿಕ್ಸರ್‌ನಿಂದ ಅಲ್ಲಿ ಏನು ಮಹಾ ವ್ಯತ್ಯಾಸ ಅಂತ ಗೆಳೆಯ ಕೇಳಿದ. ವೃಷಭಾವತಿಗೆ ಬಿಟ್ಟ ಪ್ರತಿಯೊಬ್ಬರೂ ಅದನ್ನೇ ಕೇಳಿರಬೇಕಲ್ವಾ?

ಕ್ಯಾನಿನಲ್ಲಿ ತುಂಬಿಟ್ಟ ಫಿಕ್ಸರ್‌ಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಸ್ಟೀಲ್ ವೂಲ್ ಹಾಕಿಟ್ಟರೆ ಕೆಲವು ದಿನದಲ್ಲಿ ಬೆಳ್ಳಿಯ ಬಹುಪಾಲು ಅದರ ಮೇಲೆ ಮತ್ತು ತಳದಲ್ಲಿ ಕಪ್ಪು ಕೆಸರಾಗಿ ಕೂರುತ್ತೆ. (ಪಾತ್ರೆ ಉಜ್ಜೋ ಸ್ಟೇನ್‌ಲೆಸ್ ಸ್ಟೀಲಿನ ಜುಂಗು ಅಲ್ಲ, ಅದು ಏನೂ ಮಾಡಲ್ಲ.) ಒಬ್ಬರ ಮನೆಯಲ್ಲಿ ಬರೋ ಕೆಸರಿಗೆ ಯಾರೂ ಬೆಲೆ ಕಟ್ಟಲ್ಲ. ನಾವು ನಾಲ್ಕು ಜನ ಒಂದೇ ಕ್ಯಾನು ಇಟ್ಟುಕೊಂಡಿದ್ದೀವಿ, ತುಂಬಿದಾಗ ಬೆಳ್ಳಿ ತೆಗೆಯೋರಿಗೆ ಕೊಡ್ತೀವಿ. ಅವರೇನೂ ದುಡ್ಡು ಕೊಡಲ್ಲ, ನಾವೂ ಕೇಳಲ್ಲ.

ಬಾಟಲಿ ಬಗ್ಗೆ ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳಬೇಕು. ತಂಪು ಪಾನೀಯದ ಬಾಟಲಿ ಬಹಳ ಒಳ್ಳೇದು, ಹಿಂಡಿ ಗಾಳಿ ತೆಗೆದು ಮುಚ್ಚಬಹುದು ಅಂತ ಪಟ್ಟಿಗಳು ಹೇಳ್ತವೆ. ಅವರ ಮನೆಗಳಲ್ಲಿ ಸರಿ ಇರಬಹುದು. ನಮ್ಮ ಮನೆಗಳಲ್ಲಿ ಅಂಥ ಬಾಟಲಿಯಲ್ಲಿ ನೀರು ತುಂಬಿಟ್ಟು ಕುಡಿಯೋದು ಎಲ್ಲರಿಗೂ ಅಭ್ಯಾಸ. ಶಾಲೆಯಿಂದ ಬಂದ ಮಗು, ಕೆಲಸಕ್ಕೆ ಬರೋ ಅಮ್ಮ, ರಾತ್ರಿ ಎದ್ದ ತಾತ, ಯಾರು ಬೇಕಾದರೂ ಎತ್ತಿ ಗಂಟಲಿಗೆ ಸುರಿದುಕೊಳ್ಳಬಹುದು. ಡೆವಲಪರ್ ನೋಡೋಕೆ ನೀರಿನ ಹಾಗೇ ಇರುತ್ತೆ. ಕಂದು ಬಣ್ಣದ ಔಷಧಿ ಬಾಟಲಿ ತಗೊಳ್ಳಿ, ಕನ್ನಡದಲ್ಲೇ ದಪ್ಪಗೆ 'ವಿಷ' ಅಂತ ಬರೀರಿ, ಎತ್ತರದಲ್ಲಿಡಿ, ಫ್ರಿಜ್ಜಿನಲ್ಲಿ ಬೇಡವೇ ಬೇಡ. ಅಳತೆ ಜಾಡಿ, ಚಮಚ, ಲಾಳಿಕೆ ಯಾವುದೂ ಅಡುಗೆಮನೆಯಿಂದ ಇದಕ್ಕೆ ಬಂದರೆ ವಾಪಸ್ ಹೋಗಬಾರದು. ಮೆಟಾಲ್ ಇರೋ ಡೆವಲಪರ್ ಕೆಲವರ ಚರ್ಮಕ್ಕೆ ಆಗಲ್ಲ, ತುರಿಕೆ ಶುರುವಾದರೆ ಜನ್ಮಪೂರ್ತಿ ಕಾಡಬಹುದು, ಕೈಗವಸು ಹಾಕಿ.

ಕಾಫಿಯಲ್ಲಿ ಫಿಲಂ ತೊಳೀಬಹುದಂತೆ ಹೌದಾ ಅಂತ ಒಬ್ಬರಾದರೂ ಕೇಳೇ ಕೇಳ್ತೀರಿ. ಹೌದು. 1995ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಸ್ಕಾಟ್ ವಿಲಿಯಮ್ಸ್ ಅನ್ನೋರೂ ಅವರ ವಿದ್ಯಾರ್ಥಿಗಳೂ ಮಾಡಿ ತೋರಿಸಿದರು. ಇನ್‌ಸ್ಟಂಟ್ ಕಾಫಿಪುಡಿ, ವಾಷಿಂಗ್ ಸೋಡಾ, ಬೇಕಿದ್ದರೆ ವಿಟಮಿನ್ ಸಿ. ನಾಲ್ಕನೇ ಬ್ಲಾಕಿನಲ್ಲಿ ಹುರಿದು ಪುಡಿ ಮಾಡಿಸಿದ ಕಾಫಿಯನ್ನ ಅದಕ್ಕೆ ಸುರಿಯೋರ ಜತೆ ನಾನು ಮಾತಾಡಲ್ಲ :-)

ಒಂದು ಮಾತು ನನ್ನ ವಾದಕ್ಕೇ ವಿರುದ್ಧವಾಗಿ ಹೇಳಬೇಕು. 20 ಡಿಗ್ರಿಗೆ ತಲೆ ಕೆಡಿಸಿಕೊಳ್ಳಬೇಡಿ ಅಂದೆನಲ್ಲ, ಅದು ಇವತ್ತು ಕೊಂಡು ಇವತ್ತು ತೆಗೆದ ರೀಲಿಗೆ. ಹಳೇ ರೀಲಿನ ಕಥೆ ಬೇರೆ. ಜೆ.ಪಿ. ನಗರದ ಗೆಳತಿಯೊಬ್ಬಳು ತೀರಿಕೊಂಡ ತಂದೆಯ ಕ್ಲಿಕ್ 3 ಒಳಗೇ ಉಳಿದಿದ್ದ ರೀಲು ತಂದಳು. ಎಷ್ಟು ವರ್ಷದ್ದು ಅಂತ ಅವಳಿಗೂ ಗೊತ್ತಿಲ್ಲ. ಅದಕ್ಕೆ ಮುಂಚೆ ಇನ್ನೊಂದು ರೀಲನ್ನ ಒಂದು ಲ್ಯಾಬಿಗೆ ಕೊಟ್ಟು, ಅವರು ಕಳೆದುಹಾಕಿ, "ಖಾಲಿ ಇತ್ತು ಮೇಡಂ" ಅಂದಿದ್ದರಂತೆ. "ನೀನು ಕೆಡಿಸಿದರೂ ಬೇಜಾರಿಲ್ಲ ಕಣೋ, ಕೆಟ್ಟದ್ದನ್ನಾದರೂ ನನ್ನ ಕೈಗೆ ಕೊಡು" ಅಂದಳು.

ಹಳೇ ಫಿಲಂ ತನ್ನಷ್ಟಕ್ಕೆ ತಾನೇ ಮಂಕಾಗಿರುತ್ತೆ. ಬಿಸಿ ನೀರು, ಉದ್ದ ಸಮಯ ಎರಡೂ ಆ ಮಂಕನ್ನ ಹೆಚ್ಚಿಸುತ್ತವೆ. ಅಲ್ಲಿ ತಂಪಾಗಿರಬೇಕು, ಡೆವಲಪರ್ ಗಟ್ಟಿಯಾಗಿರಬೇಕು, ಸಮಯ ಕಮ್ಮಿ ಇರಬೇಕು. ಎಚ್‌ಸಿ-110 ಇದಕ್ಕೆ ಹೆಸರುವಾಸಿ. ಅವತ್ತು ನಾನು ಮಡಕೆ ನೀರಿಗೆ ಐಸ್ ಹಾಕಿ 19ಕ್ಕೆ ಇಳಿಸಿದೆ. ಅಗಲಿಸೋ ಸುರುಳಿ ಇದ್ದದ್ದರಿಂದ 120 ಹಾಕೋಕೆ ಯಾರ ಮನೆಗೂ ಓಡಬೇಕಾಗಲಿಲ್ಲ. ದಶಕಗಳ ಕಾಲ ಸುತ್ತಿಕೊಂಡೇ ಇದ್ದ ಫಿಲಂ ಚೀಲದೊಳಗೆ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ತಿತ್ತು, ಸುರುಳಿಗೆ ಹತ್ತಿಸೋಕೆ ಇಪ್ಪತ್ತು ನಿಮಿಷ ಹಿಡೀತು. ಚೀಲ ದೊಡ್ಡದಿದ್ದದ್ದು ಅಲ್ಲಿ ಕೆಲಸಕ್ಕೆ ಬಂತು. ಹನ್ನೆರಡರಲ್ಲಿ ನಾಲ್ಕು ಮಾತ್ರ ಕಂಡವು. ಒಂದು ಮನೆ ಕಾಂಪೌಂಡು, ಒಂದು ತೆಂಗಿನ ಸಸಿ, ಸಸಿ ಪಕ್ಕ ನಿಂತ ಅವಳ ಅಮ್ಮ. ನಾಲ್ಕನೆಯದರಲ್ಲಿ ಯಾರದೋ ಹೆಬ್ಬೆರಳು ಅರ್ಧ ಮಸೂರ ಮುಚ್ಚಿದೆ. ಅವಳು ಹೆಚ್ಚು ಹೊತ್ತು ನೋಡಿದ್ದು ಆ ನಾಲ್ಕನೆಯದನ್ನ.

ಒಣಹಾಕೋದು, ಸ್ಕ್ಯಾನ್ ಮಾಡೋದು ಬೇರೆ ಪುರಾಣ, ಇನ್ನೊಮ್ಮೆ ಕುಟ್ಟುತ್ತೀನಿ. ಸದ್ಯಕ್ಕೆ ಬಟ್ಟೆ ಕ್ಲಿಪ್ಪು ಎರಡು ಸಾಕು, ಮೇಲೊಂದು, ಕೆಳಗೆ ತೂಕಕ್ಕೊಂದು. ಸ್ನಾನ ಆಗಿ ಆವಿ ಧೂಳನ್ನ ಕೆಳಗೆ ಕೂರಿಸಿದ ಬಚ್ಚಲಲ್ಲಿ ತೂಗುಹಾಕಿ ಬಾಗಿಲು ಹಾಕಿಕೊಳ್ಳಿ. ಫ್ಯಾನ್ ಹಾಕಬೇಡಿ.

ಅಟ್ಟದಲ್ಲಿ ಕ್ಲಿಕ್ 3 ಇರೋರು ಸಾಮಾನು ಕೊಳ್ಳೋಕೆ ಹೊರಡೋ ಮುಂಚೆ ಅದನ್ನ ಇಳಿಸಿ ಬೆನ್ನಿನ ಕಡೆ ಇರೋ ಸಣ್ಣ ಕೆಂಪು ಕಿಟಕಿ ನೋಡಿ. ಅದರಲ್ಲಿ ಯಾವುದಾದರೂ ನಂಬರ್ ಕಂಡರೆ ಹಿಂದಿನ ಮುಚ್ಚಳ ತೆಗೀಬೇಡಿ. ಒಳಗೆ ಇನ್ನೂ ರೀಲಿದೆ.